ಸೂಳೆಕೆರೆ ದಂಡೆಯಲ್ಲಿ ಎರಡು ರಾತ್ರಿ: ಮನೆಮಂದಿಯೊಂದಿಗೆ ಕ್ಯಾಂಪರ್ ವ್ಯಾನ್ ವಾಸ

ಅಮೆರಿಕದ ಕೆರೆದಂಡೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಗಾಡಿ ನಿಲ್ಲಿಸುವ ಜಾಗದ ಪಕ್ಕದಲ್ಲೇ 30 ಅಥವಾ 50 ಆಂಪಿಯರ್ ಕರೆಂಟಿನ ಕಂಬ, ನೀರಿನ ನಲ್ಲಿ, ಎಷ್ಟೋ ಕಡೆ ಕೊಳಚೆ ಬಿಡುವ ಕೊಳವೆಯೂ ಇರುತ್ತದೆ. ಪ್ಲಗ್ ಚುಚ್ಚಿ ಪೈಪ್ ಜೋಡಿಸಿದರೆ ಮನೆ ಸಿದ್ಧ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದ ದಂಡೆಗೆ ನಾವು ಹೋಗಿ ನಿಂತದ್ದು ಅಡಿಕೆ ತೋಟದ ಅಂಚಿನ ಗರಸು ನೆಲದ ಮೇಲೆ. ನೀರು, ಕರೆಂಟು, ಗ್ಯಾಸು, ಪಾಯಿಖಾನೆ ನಾಲ್ಕನ್ನೂ ದಾವಣಗೆರೆಯಿಂದಲೇ ಹೊತ್ತೊಯ್ಯಬೇಕು. ಕೊಳೆಯನ್ನೂ ಹೊತ್ತು ತರಬೇಕು. ಈ ಕೆರೆಯ ನೀರನ್ನು ಚಿತ್ರದುರ್ಗದ ಜನ ಕುಡಿಯುತ್ತಾರೆ ಎಂಬುದನ್ನು ಮೊದಲಿನಿಂದಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅರ್ಧ ನಿರ್ಧಾರಗಳು ತಾವಾಗಿಯೇ ಆಗುತ್ತವೆ.

ಇಲ್ಲಿರುವ ಲೆಕ್ಕವೆಲ್ಲ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಎರಡು ರಾತ್ರಿ, ಟಿ.ಟಿ. (ಟೆಂಪೊ ಟ್ರಾವೆಲರ್) ಮೇಲೆ ಕಟ್ಟಿದ, ಒಳಗೇ ಹಾಸಿಗೆ, ಸಿಂಕು, ಫ್ರಿಜ್ ಇರುವ ಕ್ಯಾಂಪರ್ ವ್ಯಾನ್ ಎಂಬ ಅಳತೆಗೆ.

ಬಾಡಿಗೆ ಗಾಡಿಯಾದರೆ ಮೊದಲು ನಂಬರ್ ಪ್ಲೇಟ್ ನೋಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ನಾವೇ ಓಡಿಸಲು ಕೊಡುವ ಬಾಡಿಗೆ ಗಾಡಿ. ಹಳದಿ ಬೋರ್ಡಿನದು ಡ್ರೈವರ್ ಸಮೇತ ಬರುವಂಥದ್ದು. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಪಡೆದು ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತುತ್ತದೆ. ಲೈಸೆನ್ಸಿನ ಬಗ್ಗೆ ಆತಂಕ ಬೇಡ: ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಆರ್‌ಸಿಯಲ್ಲಿ ಎಷ್ಟು ಸೀಟು ನಮೂದಾಗಿದೆಯೋ ಅಷ್ಟೇ ಜನ, ಎಲ್ಲರಿಗೂ ಬೆಲ್ಟ್. ಗಾಡಿ ಓಡುವಾಗ ಮಕ್ಕಳನ್ನು ಹಾಸಿಗೆ ಮೇಲೆ ಮಲಗಿಸುವುದು ಬೇಡವೇ ಬೇಡ. ಬ್ರೇಕ್ ಹಾಕಿದ ಕ್ಷಣ ಮಗು ಡ್ರೈವರ್ ಸೀಟಿಗೆ ಬಂದು ಬಡಿಯುತ್ತದೆ.

ಸಾಮಾನು ತುಂಬಿದ ಮೇಲೆ ಒಮ್ಮೆ ವೇ ಬ್ರಿಡ್ಜ್ ಹತ್ತಿಸಿ. ಎಪಿಎಂಸಿ, ರೈಸ್‌ಮಿಲ್ಲುಗಳ ಊರಾದ ದಾವಣಗೆರೆಯಲ್ಲಿ ಇದಕ್ಕೆ ಹುಡುಕಾಡಬೇಕಿಲ್ಲ. ಮೊದಲು ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ತೂಕ ಬರೆದುಕೊಳ್ಳಿ, ಆಮೇಲೆ ಇಡೀ ಗಾಡಿ ಹತ್ತಿಸಿ. ಕಳೆದರೆ ಉಳಿಯುವುದು ಹಿಂದಿನ ಆಕ್ಸಲ್ ತೂಕ. ಕ್ಯಾಂಪರ್ ಕಟ್ಟುವವರು ನೀರಿನ ಟ್ಯಾಂಕು, ಬ್ಯಾಟರಿ, ಹಾಸಿಗೆ ಎಲ್ಲವನ್ನೂ ಹಿಂದಕ್ಕೇ ತಳ್ಳಿರುತ್ತಾರೆ. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮಾತ್ರ ಮಿತಿ ಮೀರಿರುವುದು ಬಹಳ ಸಾಮಾನ್ಯ. ಆಗ ಮೂತಿ ಹಗುರಾಗಿ ಸ್ಟೇರಿಂಗ್ ತೇಲಿದಂತಾಗುತ್ತದೆ, ಹಿಂದಿನ ಟೈರು ಕಾಯುತ್ತದೆ. ನೀರಿನ ಕ್ಯಾನ್‌ಗಳನ್ನು ಡ್ರೈವರ್ ಸೀಟಿನ ಹಿಂದಕ್ಕೆ ತಂದಿಟ್ಟರೆ ಸಾಕು, ಫರಕು ಕೈಗೇ ಗೊತ್ತಾಗುತ್ತದೆ. ಟೈರಿನ ಗಾಳಿ ಬೆಳಗ್ಗೆ ತಣ್ಣಗಿರುವಾಗಲೇ ನೋಡಬೇಕು. ಹೈವೇ ಮೇಲೆ ಓಡಿ ಬಂದ ಟೈರು ತೋರಿಸುವ ಅಂಕಿ ನಂಬುವಂಥದ್ದಲ್ಲ. ಸೋಲಾರ್ ಪ್ಯಾನಲ್ ಸಮೇತ ಗಾಡಿಯ ಎತ್ತರ ಅಳೆದು ಡ್ಯಾಶ್‌ಬೋರ್ಡಿಗೆ ಬರೆದು ಅಂಟಿಸಿ. ತೋಟದ ದಾರಿಯಲ್ಲಿ ಜೋತುಬಿದ್ದ ಸರ್ವಿಸ್ ವೈರು, ಗೇಟಿನ ಕಮಾನು ಎದುರಾದಾಗ ಅಂದಾಜಿನ ಮೇಲೆ ನುಗ್ಗುವಂತಿಲ್ಲ.

ಇನ್ನು ನೀರು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್. ನಾಲ್ಕು ಜನಕ್ಕೆ ಎರಡೂವರೆ ದಿನಕ್ಕೆ 50 ಲೀಟರ್. 20 ಲೀಟರಿನ ಮೂರು ಕ್ಯಾನ್ ಸಾಕು. ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದಿಂದಲೇ ತುಂಬಿಸಿಕೊಳ್ಳಿ, ದಾರಿಯ ಬೋರ್‌ವೆಲ್ ನೀರು ಬೇಡ. ಚಿತ್ರದುರ್ಗ ಸೀಮೆಯ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಗಾಡಿಯ 100 ಲೀಟರ್ ಟ್ಯಾಂಕಿನ ನೀರು ಪಾತ್ರೆ, ಕೈಕಾಲು, ಮುಖಕ್ಕೆ. ದಿನಕ್ಕೆ ಪಾತ್ರೆಗೆ 15 ಲೀಟರ್, ಕೈ-ಮುಖಕ್ಕೆ 10, ಪಾಯಿಖಾನೆಗೆ 5 ಎಂದು ಹಿಡಿದರೆ ಎರಡೂವರೆ ದಿನಕ್ಕೆ 75 ಲೀಟರ್; ಉಳಿದ 25ರಲ್ಲಿ ಮಕ್ಕಳಿಗೊಂದು ಸ್ನಾನ. ದೊಡ್ಡವರು ತೋಟದವರನ್ನು ಕೇಳಿ ಪಂಪಿನ ತೊಟ್ಟಿ ಹತ್ತಿರ ಮಾಡಬಹುದು, ಸೋಪಿನ ನೀರು ಕೆರೆ ಕಡೆ ಹರಿಯದಿದ್ದರೆ.

ನಿಂತೇ ಇದ್ದ ಗಾಡಿಯ ಟ್ಯಾಂಕು ಒಳಗೆ ಲೋಳೆ ಕಟ್ಟಿರುತ್ತದೆ. ಹೊರಡುವ ಹಿಂದಿನ ದಿನ 100 ಲೀಟರ್ ನೀರಿಗೆ ಶೇಕಡ 5ರ ಸೋಡಿಯಂ ಹೈಪೋಕ್ಲೋರೈಟ್ 100 ಮಿಲಿ ಬೆರೆಸಿ. ಸುವಾಸನೆಯಿಲ್ಲದ ಬ್ಲೀಚೇ ಆಗಬೇಕು. ಪಂಪ್ ಹಾಕಿ ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಡಿ. ಟ್ಯಾಂಕು ತೊಳೆದು ಪೈಪನ್ನು ಮರೆಯುವುದೇ ಇಲ್ಲಿ ಆಗುವ ತಪ್ಪು. ನಾಲ್ಕು ಗಂಟೆ ಬಿಟ್ಟು ಪೂರ್ತಿ ಖಾಲಿ ಮಾಡಿ, ಒಳ್ಳೆ ನೀರಿನಿಂದ ಎರಡು ಸಲ ತೊಳೆದು ತುಂಬಿಸಿ. ಗಾಡಿ ನಿಂತಾಗ ಯಾರೂ ನಲ್ಲಿ ಬಿಡದಿದ್ದರೂ ಪಂಪ್ ಆಗಾಗ ಒಂದು ಕ್ಷಣ ಗುರ್ರೆಂದು ನಿಂತರೆ ಎಲ್ಲೋ ಜಾಯಿಂಟ್ ಸೋರುತ್ತಿದೆ ಎಂದೇ ಅರ್ಥ. ಸಿಂಕಿನ ಕೆಳಗೆ ಕೈಯಾಡಿಸಿ ಒದ್ದೆ ಹುಡುಕಿ, ಕ್ಲಾಂಪ್ ಬಿಗಿ ಮಾಡಿ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಅರ್ಧ ಟ್ಯಾಂಕು ಹಾಸಿಗೆ ಕೆಳಗಿರುತ್ತದೆ.

ಕರೆಂಟಿನ ಲೆಕ್ಕವನ್ನು ಬರೆದೇ ಮಾಡಬೇಕು. 12 ವೋಲ್ಟಿನ 40–50 ಲೀಟರ್ ಕಂಪ್ರೆಸರ್ ಫ್ರಿಜ್ ಬಿಸಿಲಿನ ದಿನದಲ್ಲಿ 500 ವ್ಯಾಟ್-ಅವರ್ ತಿನ್ನುತ್ತದೆ. 25 ವ್ಯಾಟಿನ ಎರಡು ಫ್ಯಾನು ಎಂಟು ಗಂಟೆಗೆ 400. ಮೂರು ಎಲ್‌ಇಡಿ ದೀಪ 75, ಫೋನುಗಳು 60, ನೀರಿನ ಪಂಪ್ 20. ಒಟ್ಟು ದಿನಕ್ಕೆ 1,050ರ ಆಸುಪಾಸು. 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತದೆ, 1,000 ಧೈರ್ಯವಾಗಿ ಬಳಸಬಹುದು. ಅದೇ ಅಳತೆಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗಿಳಿಸಿದರೆ ಆಯಸ್ಸು ಕುಗ್ಗುವುದರಿಂದ ಕೈಗೆ ಸಿಗುವುದು 600 ಮಾತ್ರ. ಅಂದರೆ ಮೊದಲ ರಾತ್ರಿ ಹೇಗೋ ದಾಟುತ್ತದೆ, ಎರಡನೆಯ ರಾತ್ರಿಗೆ ಹಗಲಲ್ಲಿ ತುಂಬಿಸಲೇಬೇಕು.

ಇಲ್ಲಿ ಅಡಿಕೆ ತೋಟ ಕೈಕೊಡುತ್ತದೆ. ಗಾಡಿಯ ಚಾವಣಿ ಮೇಲಿನ 200 ವ್ಯಾಟ್ ಸೋಲಾರ್ ಪ್ಯಾನಲ್ ಬಯಲಲ್ಲಿ ದಿನಕ್ಕೆ 700 ವ್ಯಾಟ್-ಅವರ್ ಕೊಡುವಂಥದ್ದು, ತೋಟದ ನೆರಳಲ್ಲಿ ನಿಂತರೆ ಬಹುತೇಕ ಏನೂ ಕೊಡುವುದಿಲ್ಲ. ಸೆಲ್‌ಗಳು ಒಂದರ ಹಿಂದೊಂದು ಜೋಡಣೆಯಾಗಿರುವುದರಿಂದ ಒಂದು ಸೋಗೆಯ ನೆರಳು ಬಿದ್ದರೂ ಇಡೀ ಸಾಲು ಕುಸಿಯುತ್ತದೆ. ಗಾಡಿ ತಂಪಾಗಿರಬೇಕು, ಪ್ಯಾನಲ್ ಬಿಸಿಲಲ್ಲಿರಬೇಕು ಎಂದರೆ ದಾರಿ ಒಂದೇ: ಮಡಚುವ 100 ವ್ಯಾಟ್ ಪ್ಯಾನಲ್, ಹತ್ತು ಮೀಟರ್ ಕೇಬಲ್. ಡಿಸೆಂಬರ್–ಜನವರಿಯಲ್ಲಿ ಅದನ್ನು ದಕ್ಷಿಣಕ್ಕೆ ಮುಖ ಮಾಡಿ 30 ಡಿಗ್ರಿಯಷ್ಟು ಎತ್ತಿ ನಿಲ್ಲಿಸಿ. ಎಂಜಿನ್ನಿನಿಂದ ಚಾರ್ಜ್ ಮಾಡುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಒಂದು ಗಂಟೆ ಓಟಕ್ಕೆ ಸುಮಾರು 350 ಸಿಗುತ್ತದೆ. ಎರಡನೆಯ ದಿನ ಸಂತೇಬೆನ್ನೂರಿನ ಪುಷ್ಕರಣಿ ನೋಡಿಬರಲು ಗಾಡಿ ತೆಗೆದರೆ ಮಕ್ಕಳಿಗೂ ಖುಷಿ, ಬ್ಯಾಟರಿಗೂ ಊಟ. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಮನೆಯ ಕರೆಂಟಿನಲ್ಲಿ ತಣ್ಣಗೆ ಮಾಡಿ, ತಣ್ಣಗಾದ ಸಾಮಾನನ್ನೇ ತುಂಬಿಸಿ. ಬಿಸಿ ಹಾಲು, ಬಿಸಿ ಸಾರು ಒಳಗಿಟ್ಟರೆ ಮೊದಲ ದಿನದ ಪಾಲು ಅಲ್ಲೇ ಮುಗಿಯುತ್ತದೆ.

ಬ್ಯಾಟರಿ ತುಂಬಿದ್ದರೂ ಫ್ರಿಜ್ ನಡುರಾತ್ರಿ ಬಂದ್ ಆಗುವುದು ಹೊಸಬರಿಗೆ ತಲೆನೋವಿನ ಸಮಸ್ಯೆ. ಬ್ಯಾಟರಿಯನ್ನು ಬೈಯುವ ಮೊದಲು ವೈರ್ ನೋಡಿ. ಐದು ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ವೈರ್ ಎಳೆದಿದ್ದರೆ, ಕಂಪ್ರೆಸರ್ ಶುರುವಾಗುವಾಗಿನ 8 ಆಂಪಿಯರ್ ಎಳೆತಕ್ಕೆ ದಾರಿಯಲ್ಲೇ ಮುಕ್ಕಾಲಿನಿಂದ ಒಂದು ವೋಲ್ಟ್ ಇಳಿಯುತ್ತದೆ. ಫ್ರಿಜ್ ಅದನ್ನೇ ಖಾಲಿ ಬ್ಯಾಟರಿ ಎಂದುಕೊಳ್ಳುತ್ತದೆ. 4 ಚದರ ಮಿಲಿಮೀಟರ್ ವೈರ್ ಹಾಕಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೊಡಿ. ಫ್ರಿಜ್ಜಿನ ಬ್ಯಾಟರಿ ರಕ್ಷಣೆಯ ಬಟನ್ ‘ಹೈ’ನಲ್ಲಿದ್ದರೆ ‘ಮೀಡಿಯಂ’ಗೆ ಇಳಿಸಿ, ‘ಹೈ’ ಇರುವುದು ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗೆ. ಇಂಡಕ್ಷನ್ ಒಲೆ ಮರೆತುಬಿಡಿ. 1,800 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ 150 ಆಂಪಿಯರ್.

ತೋಟದ ಮೋಟಾರ್ ಮನೆಯಿಂದ ವೈರ್ ಎಳೆದುಕೊಂಡರಾಯಿತು ಎನ್ನಬೇಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಕೊಡುವ ಉಚಿತ ಕರೆಂಟು ಬೇಸಾಯಕ್ಕೆ ಮಾತ್ರ. ಅದನ್ನು ನಾವು ಬಳಸಿದರೆ ತೊಂದರೆ ತೋಟದವರಿಗೆ. ಮೀಟರ್ ಇರುವ ಮನೆಯಿಂದ ಕೇಳಿ ಪಡೆಯಿರಿ, ಹಣ ಕೊಡಿ. ಹಳ್ಳಿ ಮನೆಯ ಪ್ಲಗ್ಗಿನಲ್ಲಿ ಮೂರು ತೂತಿದ್ದರೂ ಅರ್ಥಿಂಗ್ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಅರ್ಥಿಂಗ್ ಇಲ್ಲದೆ ಎಲ್ಲೋ ವೈರ್ ಸುಲಿದರೆ ಗಾಡಿಯ ತಗಡಿಗೇ ಕರೆಂಟು ಬರುತ್ತದೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದ ಮಗುವಿಗೆ ಅದು ಪ್ರಾಣಾಪಾಯ. ಕರೆಂಟು ಸೋರಿದ ಕೂಡಲೇ ತಾನೇ ಬಂದ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇರುವ ಬಾಕ್ಸ್ ನಮ್ಮದೇ ಇರಬೇಕು. ಕೇಬಲ್ 2.5 ಚದರ ಮಿಲಿಮೀಟರಿನದು. ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿಟ್ಟ ಕೇಬಲ್ ಕಾದು ಕರಗುತ್ತದೆ.

ಗ್ಯಾಸಿಗೆ 5 ಕಿಲೋ ಸಿಲಿಂಡರ್. ಒಂದು ಬರ್ನರ್ ಗಂಟೆಗೆ 150 ಗ್ರಾಂ ಉರಿಸುತ್ತದೆ, ದಿನಕ್ಕೆ ಮೂರು ಗಂಟೆ ಉರಿದರೂ ಒಂದೂವರೆ ಕಿಲೋದೊಳಗೆ ಪ್ರವಾಸ ಮುಗಿಯುತ್ತದೆ. ಗಾಳಿಯಿದ್ದರೆ ಹೆಚ್ಚು ಬೇಕು. ಒಲೆಯ ಮೂರು ಕಡೆಗೆ ತಗಡಿನ ಮರೆ ಕಟ್ಟಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಅದಕ್ಕೇ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಲೇಬೇಕು, ಮೇಲಿನ ಕಿಟಕಿ ಅದಕ್ಕೆ ಸಾಟಿಯಲ್ಲ. ಓಡುವಾಗ ರೆಗ್ಯುಲೇಟರ್ ಬಂದ್. ಅಡುಗೆ ಹೊರಗೇ ಮಾಡಿ. ಚಳಿ ಎಂದು ಇದ್ದಿಲ ಒಲೆಯನ್ನಾಗಲಿ ಗ್ಯಾಸ್ ಒಲೆಯನ್ನಾಗಲಿ ಬಾಗಿಲು ಮುಚ್ಚಿದ ಗಾಡಿಯೊಳಗೆ ಉರಿಸಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಎಚ್ಚರಿಸುವ ಕೆಮ್ಮೂ ಇಲ್ಲ. ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲ ಸಂಜೆಗೆ ಮಂಡಕ್ಕಿ, ಹುರಿಗಡಲೆ ಪುಡಿ, ಈರುಳ್ಳಿ ಇದ್ದರೆ ಒಲೆ ಹಚ್ಚದೆಯೇ ಮಕ್ಕಳ ಹೊಟ್ಟೆ ತುಂಬುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಫ್ರಿಜ್ ಕೇಳುವುದಿಲ್ಲ, ಪಾತ್ರೆಯನ್ನೂ ಜಾಸ್ತಿ ಮಾಡುವುದಿಲ್ಲ.

ಜಾಗ ಗೊತ್ತುಮಾಡುವುದು ಹಗಲಲ್ಲೇ ಆಗಬೇಕು. ಸಂಜೆ ನಾಲ್ಕಕ್ಕೆ ಅಲ್ಲಿರಬೇಕು. ಏರಿ, ತೂಬು, ಸಿದ್ಧೇಶ್ವರ ದೇವಸ್ಥಾನದ ಅಂಗಳ ಇವು ರಾತ್ರಿ ಕಳೆಯುವ ಜಾಗಗಳಲ್ಲ. ಅರಣ್ಯ ಇಲಾಖೆಯ ಗುಡ್ಡಕ್ಕೆ ಅನುಮತಿ ಇಲ್ಲದೆ ಹತ್ತುವಂತಿಲ್ಲ. ಉಳಿದದ್ದು ಖಾಸಗಿ ತೋಟ, ಹೊಲ. “ಯಜಮಾನ್ರೇ, ಮಕ್ಳು ಮರಿ ಇದಾವೆ, ಎರಡು ರಾತ್ರಿ ಗಾಡಿ ನಿಲ್ಸ್ಕೊಳ್ಳಾಕೆ ಜಾಗ ಕೊಡ್ತೀರಾ? ಕಸ ಒಂಚೂರೂ ಬಿಡಲ್ಲ” ಎಂದು ಮೊದಲೇ ಮಾತಾಡಿ, ಬಾಡಿಗೆಯನ್ನೂ ಆಗಲೇ ಗೊತ್ತುಮಾಡಿ. ಬೆಂಕಿ ಹಾಕಬಹುದೇ, ನಾಯಿ ಕಟ್ಟಿದೆಯೇ, ರಾತ್ರಿ ಮೋಟಾರ್ ಶುರು ಮಾಡಲು ಯಾರಾದರೂ ಬರುತ್ತಾರೆಯೇ ಎಂದು ಕೇಳಿಕೊಳ್ಳಿ. ಗಾಡಿ ನಂಬರ್, ಜನರ ಸಂಖ್ಯೆ ಹತ್ತಿರದ ಪೊಲೀಸ್ ಠಾಣೆಗೆ ಒಂದು ಫೋನಿನಲ್ಲಿ ತಿಳಿಸಿಟ್ಟರೆ ನಡುರಾತ್ರಿ ಗಸ್ತಿನವರ ಟಾರ್ಚಿಗೆ ಮಕ್ಕಳು ಎದ್ದು ಅಳುವುದು ತಪ್ಪುತ್ತದೆ.

ಮುಂಗಾರಿನಲ್ಲಿ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಅಡಿಕೆ ತೋಟ ಬೇಡ. ಉಳಿದ ಕಾಲದಲ್ಲೂ ಮರದ ಬುಡಕ್ಕೆ ಗಾಡಿ ಒತ್ತಬೇಡಿ: ಅಡಿಕೆ ಹಾಳೆ ಬಿದ್ದರೆ ಪ್ಯಾನಲ್ ಗಾಜು ಬಿರುಕು ಬಿಡುತ್ತದೆ, ತೆಂಗಿನಕಾಯಿ ಬಿದ್ದರೆ ಮಾತೇ ಇಲ್ಲ. ತೋಟದೊಳಗೆ ಚಕ್ರ ಇಳಿಸುವ ಮೊದಲು ಒಬ್ಬರು ಮುಂದೆ ನಡೆದು ಡ್ರಿಪ್ ಪೈಪ್ ನೋಡಲಿ. ತರಗೆಲೆ ಕೆಳಗೆ ಅಡಗಿರುವ ಆ ತೆಳ್ಳನೆ ಕರಿ ಪೈಪು ಟೈರಿನಡಿ ಒಡೆದರೆ ಒಂದು ಸಾಲಿನ ಮರಗಳಿಗೆ ನೀರಿಲ್ಲ. ಎರಡು ಜಾಯಿನರ್, ಅರ್ಧ ಮೀಟರ್ 16 ಮಿಲಿಮೀಟರ್ ಪೈಪು ನಮ್ಮ ಬಳಿಯೇ ಇದ್ದರೆ ಅಲ್ಲೇ ಸರಿಮಾಡಿ ಕೊಡಬಹುದು.

ನೆಲದ ಪರೀಕ್ಷೆ ಸುಲಭ. ಹಿಮ್ಮಡಿ ಊರಿ ತಿರುಗಿಸಿ. ಅರ್ಧ ಇಂಚಿಗಿಂತ ಹೆಚ್ಚು ಇಳಿದರೆ ಅಲ್ಲಿ ನಿಲ್ಲಬೇಡಿ. ಗರಸು, ಕೆಂಪು ಮಸಾರಿ ನಂಬಬಹುದು. ಎರೆ ಮಣ್ಣು ಒಣಗಿದಾಗ ಕಲ್ಲು, ಒಂದು ಮಳೆ ಬಿದ್ದರೆ ಬೆಣ್ಣೆ. ಹಿರಿಯೂರು ಕಡೆಯ ಎರೆ ಹೊಲಗಳಲ್ಲಿ ರಾತ್ರಿ ಮಳೆ ಬಂದರೆ ಬೆಳಗ್ಗೆ ಗಾಡಿ ಅಲುಗುವುದಿಲ್ಲ. ಹೂತಾಗ ಎಕ್ಸಿಲರೇಟರ್ ತುಳಿಯುವುದೇ ದೊಡ್ಡ ತಪ್ಪು, ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಸಲಿಕೆಯಿಂದ ಚಕ್ರದ ಮುಂದೆ ಇಳಿಜಾರು ಕೊರೆದು, ಹಲಗೆ ಕೊಟ್ಟು, ಎರಡನೇ ಗೇರಿನಲ್ಲಿ ನಿಧಾನಕ್ಕೆ ಎಳೆಯಿರಿ. ಆಗದಿದ್ದರೆ ಟ್ರ್ಯಾಕ್ಟರ್ ಕರೆಸಿ, ಹಗ್ಗವನ್ನು ಎಳೆಯಲೆಂದೇ ಇರುವ ಕೊಂಡಿಗೆ ಕಟ್ಟಿಸಿ. ಬಂಪರಿಗೆ ಕಟ್ಟಿದರೆ ಬಂಪರ್ ಮಾತ್ರ ಈಚೆ ಬರುತ್ತದೆ.

ದಡದಿಂದ ಕನಿಷ್ಠ 200 ಅಡಿ ದೂರ, ನೀರಿನ ಮಟ್ಟಕ್ಕಿಂತ ಸ್ಪಷ್ಟವಾಗಿ ಮೇಲೆ ನಿಲ್ಲಿ. ಭದ್ರಾ ನಾಲೆಯ ನೀರೂ ಸೇರುವ ಕೆರೆ ಇದು, ಇಲ್ಲಿ ಮಳೆಯಿಲ್ಲದೆಯೂ ಮಟ್ಟ ಏರಬಹುದು. ವಾಣಿವಿಲಾಸ ಸಾಗರದ ಹಿನ್ನೀರಿಗೆ ಹೋಗುವವರಿಗೆ ಈ ಮಾತು ಇನ್ನೂ ಮುಖ್ಯ. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರ ಬಳಿಕ ಕೋಡಿ ಬಿದ್ದದ್ದು 2022ರಲ್ಲಿ, ಮತ್ತೆ 2025ರಲ್ಲಿ. ದಶಕಗಳ ಕಾಲ ಒಣಗಿದ್ದ ದಂಡೆಯ ನೆಲ 130 ಅಡಿ ತುಂಬಿದಾಗ ನೀರಿನಡಿ ಹೋಗುತ್ತದೆ. ಹಳೆಯ ಫೋಟೊ, ಹಳೆಯ ಲೊಕೇಶನ್ ನಂಬಿ ಹೋದರೆ ದಾರಿಯೇ ನೀರೊಳಗೆ ಇಳಿದಿರುತ್ತದೆ.

ಬಾಗಿಲಿನ ದಿಕ್ಕು ಗಾಳಿ ನೋಡಿ ತೀರ್ಮಾನಿಸಿ. ನಮ್ಮ ಗಾಡಿಗಳ ಬಾಗಿಲು ಎಡಕ್ಕೆ. ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ, ಆಗ ಮೂತಿ ದಕ್ಷಿಣಕ್ಕೆ ಇಟ್ಟರೆ ಬಾಗಿಲು ಪೂರ್ವದ ಮರೆಗೆ ಬರುತ್ತದೆ. ಚಳಿಗಾಲದ ಮೂಡಣ ಗಾಳಿಗೆ ಮೂತಿ ಉತ್ತರಕ್ಕೆ. ಚಿತ್ರದುರ್ಗದ ಗುಡ್ಡಗಳ ತುಂಬ ಗಾಳಿಯಂತ್ರ ನಿಂತಿರುವುದು ಸುಮ್ಮನೆ ಅಲ್ಲ. ಗಾಡಿ ಪಕ್ಕದ ಚಾಚು ಚಪ್ಪರವನ್ನು ಮಲಗುವ ಮುಂಚೆ ಸುತ್ತಿ ಕಟ್ಟಲೇಬೇಕು. ಆಮೇಲೆ ಮಟ್ಟ. ಗಾರೆ ಕೆಲಸದ ರಸಮಟ್ಟವನ್ನು ಗಾಡಿಯೊಳಗಿನ ನೆಲದ ಮೇಲೆ ಉದ್ದಕ್ಕೆ, ಅಡ್ಡಕ್ಕೆ ಇಟ್ಟು, ತಗ್ಗಿನ ಚಕ್ರದಡಿಗೆ ಒಂದೂವರೆ ಇಂಚಿನ ಹಲಗೆ ಕೊಟ್ಟು ಹತ್ತಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿಟ್ಟು, ಇಳಿಜಾರಿನ ಕಡೆಯ ಟೈರುಗಳಿಗೆ ಕಲ್ಲು ಕೊಡಿ. ತಲೆ ಕಡೆ ಬೆರಳಷ್ಟು ಎತ್ತರವಿದ್ದರೆ ನಿದ್ದೆ ಚೆನ್ನ. ಕಾಲ ಕಡೆ ಎತ್ತರವಾದರೆ ಬೆಳಗ್ಗೆ ಎಲ್ಲರಿಗೂ ತಲೆಭಾರ.

ಸಿಂಕಿನ ಕೊಳೆನೀರಿಗೆ ಗಾಡಿಯಡಿ ಮುಚ್ಚಳದ ಬಕೆಟ್ ಇಡಿ. ಅನ್ನದಗಳು, ಎಣ್ಣೆ ಜಾಲರಿಯಲ್ಲೇ ಉಳಿಯಬೇಕು. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆದರೆ ನೀರೂ ಅರ್ಧ, ವಾಸನೆಯೂ ಅರ್ಧ. ಬಕೆಟ್ಟನ್ನು ತೋಟದವರು ತೋರಿಸಿದ ತಿಪ್ಪೆಗೋ ಗುಂಡಿಗೋ ಸುರಿಯಿರಿ, ದಡದಿಂದ 200 ಅಡಿಯೊಳಗೆ ಎಲ್ಲೂ ಬೇಡ. ಕೆರೆಯೊಳಗೆ ಸೋಪು ಹಾಕಿ ಪಾತ್ರೆ, ಬಟ್ಟೆ, ಗಾಡಿ ತೊಳೆಯುವುದನ್ನು ಯಾರು ಮಾಡುತ್ತಿದ್ದರೂ ನಾವು ಮಾಡಬಾರದು.

ಪಾಯಿಖಾನೆ ಪೆಟ್ಟಿಗೆಯ ಕೆಳಗಿನ ಟ್ಯಾಂಕು 20 ಲೀಟರ್. ನಾಲ್ಕು ಜನಕ್ಕೆ ಎರಡು ದಿನ ಬರುತ್ತದೆ. ಶುರುವಿಗೆ ಎರಡು ಲೀಟರ್ ನೀರು, ಇಂಥ ಟ್ಯಾಂಕಿಗೆಂದೇ ಸಿಗುವ ದ್ರಾವಣ ಹಾಕಿಡಿ. ಒಣ ಟ್ಯಾಂಕಿಗೆ ದ್ರಾವಣ ಹಾಕಿದರೆ ಕೆಲಸ ಮಾಡದು. ಫಾರ್ಮಾಲ್ಡಿಹೈಡ್ ಇರುವುದನ್ನು ಕೊಳ್ಳಬೇಡಿ, ಅದು ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಬಯಲುಸೀಮೆಯ ಬಿಸಿಲಿಗೆ ಟ್ಯಾಂಕಿನೊಳಗೆ ಒತ್ತಡ ಕಟ್ಟಿರುತ್ತದೆ. ಮುಚ್ಚಳ ಹಾಕಿಕೊಂಡೇ ಕವಾಟವನ್ನು ಸ್ವಲ್ಪ ಸರಿಸಿ ಗಾಳಿ ಬಿಟ್ಟು ಆಮೇಲೆ ಪೂರ್ತಿ ತೆರೆಯಿರಿ, ಇಲ್ಲದಿದ್ದರೆ ಮುಖಕ್ಕೆ ಸಿಡಿಯುತ್ತದೆ. ಕವಾಟದ ರಬ್ಬರಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ರಬ್ಬರನ್ನು ಉಬ್ಬಿಸುತ್ತವೆ, ಆಮೇಲೆ ಸೋರಿಕೆ ನಿಲ್ಲದು. ಮುಕ್ಕಾಲು ತುಂಬಿದಾಗಲೇ, ಮಾಲೀಕರು ಒಪ್ಪಿದರೆ ಅವರ ಶೌಚಾಲಯಕ್ಕೆ ಸುರಿಯಿರಿ: ಗಾಳಿ ಬಟನ್ ಒತ್ತಿಹಿಡಿದು ನಿಧಾನಕ್ಕೆ, ಇಲ್ಲದಿದ್ದರೆ ಗುಳುಗುಳು ಎಂದು ಎಗರುತ್ತದೆ. ಮೂರು ಲೀಟರ್ ನೀರು ಹಾಕಿ ಕುಲುಕಿ ಮತ್ತೊಮ್ಮೆ ಸುರಿಯಿರಿ. ಒಪ್ಪದಿದ್ದರೆ ಮುಚ್ಚಳ ಬಿಗಿದು ದಾವಣಗೆರೆಯ ಮನೆಗೇ ತನ್ನಿ. ಗುಂಡಿ ತೋಡಿ ಸುರಿಯುವುದು ಬೇಡ. ತೋಟದ ಬಾವಿಗೂ ಕೆರೆಗೂ ಅದು ಇಳಿಯುತ್ತದೆ.

ಮಕ್ಕಳು ನೀರಿಗೆ ಇಳಿಯುವುದಾದರೆ ಲೈಫ್ ಜಾಕೆಟ್ ಹಾಕಿ, ಮೊಣಕಾಲುದ್ದಕ್ಕೆ, ದೊಡ್ಡವರೊಬ್ಬರು ಪಕ್ಕದಲ್ಲಿದ್ದಾಗ ಮಾತ್ರ. ತೂಬಿನ ಹತ್ತಿರ ನೀರು ಒಳಗೆ ಎಳೆಯುತ್ತದೆ, ಹೂಳಿನಲ್ಲಿ ಕಾಲು ಸಿಕ್ಕಿದರೆ ಈಜು ಬಂದವರಿಗೂ ಬಿಡಿಸಿಕೊಳ್ಳುವುದು ಕಷ್ಟ. ಕತ್ತಲಾದ ಮೇಲೆ ಟಾರ್ಚ್, ಶೂ ಇಲ್ಲದೆ ಕೆಳಗಿಳಿಯಬೇಡಿ. ತರಗೆಲೆಯಲ್ಲಿ ಕೊಳಕುಮಂಡಲ ಕಾಣುವುದೇ ಇಲ್ಲ. ಹೊರಗೆ ಬಿಟ್ಟ ಚಪ್ಪಲಿ, ಶೂಗಳನ್ನು ಬೆಳಗ್ಗೆ ಕೊಡವಿ ಹಾಕಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಹಾವಿನ ವಿಷಕ್ಕೆ ಔಷಧ ಇರುವ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಿ. ಸೊಳ್ಳೆಗೆ ಬತ್ತಿಗಿಂತ ಪರದೆ ಮೇಲು. ಕಿಟಕಿ, ಬಾಗಿಲಿಗೆ ಮ್ಯಾಗ್ನೆಟ್ ಅಂಚಿನ ಪರದೆ ಹಾಕಿ, ಸಂಜೆ ಆರಕ್ಕೆ ಮೊದಲೇ ಮುಚ್ಚಿ. ದೀಪ ಹಚ್ಚಿದ ಮೇಲೆ ಮುಚ್ಚಿದರೆ ಸೊಳ್ಳೆಗಳ ಜೊತೆಗೇ ಮಲಗಿದಂತೆ.

ಹೊರಡುವ ಬೆಳಗ್ಗೆ ಕ್ರಮ ತಪ್ಪಬಾರದು. ಕೇಬಲ್ ಕಿತ್ತು ಸುತ್ತಿ, ಗ್ಯಾಸ್ ಬಂದ್, ಪಂಪಿನ ಸ್ವಿಚ್ ಬಂದ್, ಮೇಲಿನ ಗಾಳಿಕಿಂಡಿ ಮುಚ್ಚಿ, ಕಪಾಟುಗಳ ಚಿಲಕ, ಕೊಳೆನೀರಿನ ಬಕೆಟ್ ಒಳಗೆ, ಕೊನೆಗೆ ಟೈರಿನ ಕಲ್ಲು. ಇದನ್ನು ಒಬ್ಬರು ಓದಬೇಕು, ಇನ್ನೊಬ್ಬರು ಮುಟ್ಟಿ ನೋಡಿ ಹೇಳಬೇಕು. ಗಾಡಿಯನ್ನು ಇಪ್ಪತ್ತು ಅಡಿ ಮುಂದೆ ತಂದು ನಿಲ್ಲಿಸಿ ಎಲ್ಲರೂ ಇಳಿದು ಹಳೆಯ ಜಾಗ ನೋಡಿ: ಗಾಡಿಯಡಿ ಉರುಳಿದ ಚಮಚ, ಬಿಸ್ಕತ್ ಕಾಗದ, ಹಲಗೆ ಸಿಗುವುದು ಆಗಲೇ. ಮನೆಗೆ ಬಂದ ದಿನವೇ ಟ್ಯಾಂಕು ಖಾಲಿ ಮಾಡಿ, ನಲ್ಲಿಗಳನ್ನೆಲ್ಲ ತೆರೆದಿಡಿ. ಫ್ರಿಜ್ ಒರೆಸಿ ಬಾಗಿಲಿಗೆ ಬಟ್ಟೆ ಸಿಕ್ಕಿಸಿ ಸಂದು ಬಿಡಿ. ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ಲೆಡ್ ಆಸಿಡ್ ಆದರೆ ಪೂರ್ತಿ ತುಂಬಿಸಿ, ಕನೆಕ್ಷನ್ ಬಿಚ್ಚಿಡಿ.